ಅಕ್ಟೋಬರ್‌ನ 31 ರಾತ್ರಿಗೆ 31 ಹಾರರ್ ಸಿನಿಮಾ: ಪಟ್ಟಿ, ಪ್ರಿಂಟು, ಟಿವಿ ಸೆಟ್ಟಿಂಗು

ಹುಣಸೆಮರ (ನ್ಯೂಜೆರ್ಸಿ):
ಅಕ್ಟೋಬರ್ 1ರಿಂದ ಹ್ಯಾಲೋವೀನ್‌ವರೆಗೆ ದಿನಕ್ಕೊಂದು ಹಾರರ್ ಸಿನಿಮಾ ನೋಡೋ ರೂಢಿ ಇಲ್ಲಿ ಇದೆಯಲ್ಲ, 2026ರಲ್ಲಿ ಅದನ್ನ ಬಿಡದೆ ಮುಗಿಸೋ ಯೋಚನೆ. ವಾರದ ದಿನಗಳಲ್ಲಿ ರಾತ್ರಿ 9:30ರ ಮೇಲೇ ಟಿವಿ ಕೈಗೆ ಸಿಗೋದು, ಪಕ್ಕದ ರೂಮಲ್ಲಿ ಮಕ್ಕಳು ಮಲಗಿರ್ತಾರೆ. 55 ಇಂಚಿನ ಓಎಲ್ಇಡಿ, ಒಂದು ಸೌಂಡ್‌ಬಾರ್, ಬ್ಲೂ-ರೇ ಪ್ಲೇಯರ್ ಇದೆ. ನೆಟ್‌ನಲ್ಲಿ ಸಿಗೋ ಟಾಪ್ 31 ಪಟ್ಟಿ ಹಿಡಿದು ಕೂತರೆ ಆಯ್ತಾ, ಇಲ್ಲ ಬೇರೆ ಲೆಕ್ಕ ಏನಾದ್ರೂ ಇದೆಯಾ? ಮಧ್ಯದಲ್ಲಿ ನವರಾತ್ರಿ ಬೇರೆ ಬರುತ್ತೆ.

ರೀಲ್‌ಡಬ್ಬಿ:
ಟಾಪ್ 31 ಪಟ್ಟಿ ಹಿಡಿದವರು ಎರಡನೇ ವಾರಕ್ಕೇ ಕೈಬಿಡ್ತಾರೆ. ಸಿನಿಮಾ ಕೆಟ್ಟದ್ದು ಅಂತಲ್ಲ, ಉದ್ದ ಜಾಸ್ತಿ. 9:30ಕ್ಕೆ ಎರಡು ಗಂಟೆಯ ಸಿನಿಮಾ ಹಾಕಿದರೆ ಮುಗಿಯೋದು 11:30ಕ್ಕೆ. ನಾಲ್ಕು ದಿನ ಹೀಗಾದರೆ ಐದನೇ ದಿನ ಅರ್ಧಕ್ಕೇ ನಿದ್ದೆ, ಆರನೇ ದಿನಕ್ಕೆ ಒಂದೂವರೆ ಸಿನಿಮಾ ಬಾಕಿ. ಬಾಕಿ ಒಮ್ಮೆ ಶುರುವಾದರೆ ತೀರಿಸೋಕಾಗಲ್ಲ.

ಹಾಗಾಗಿ ಸಿನಿಮಾ ಆರಿಸೋ ಮೊದಲು ಕ್ಯಾಲೆಂಡರ್ ತೆಗೀರಿ. 2026ರ ಅಕ್ಟೋಬರ್‌ನಲ್ಲಿ ಶನಿವಾರ, ಭಾನುವಾರ ಸೇರಿ 9 ದಿನ, ಉಳಿದದ್ದು 22 ದಿನ. ವಾರದ ದಿನಕ್ಕೆ ಸರಾಸರಿ 75 ನಿಮಿಷ, ರಜೆಗೆ 110 ನಿಮಿಷ ಅಂತಿಟ್ಟರೆ 27 ಗಂಟೆ 30 ನಿಮಿಷ ಮತ್ತು 16 ಗಂಟೆ 30 ನಿಮಿಷ, ಒಟ್ಟು 44 ಗಂಟೆ. ಎಲ್ಲವೂ ಎರಡೆರಡು ಗಂಟೆಯದಾದರೆ 62. ಆ ಹದಿನೆಂಟು ಗಂಟೆ ನಿಮ್ಮ ನಿದ್ದೆಯಿಂದಲೇ ಹೋಗೋದು.

75 ನಿಮಿಷದ ಸಿನಿಮಾ ಎಲ್ಲಿ ಸಿಗುತ್ತೆ ಅಂದರೆ, 1930-40ರ ದಶಕದ ಹಾಲಿವುಡ್‌ನಲ್ಲಿ. ಆಗ ಒಂದೇ ಟಿಕೆಟ್‌ಗೆ ಎರಡು ಸಿನಿಮಾ ತೋರಿಸ್ತಿದ್ದರು, ಹಾಗಾಗಿ ಗಿಡ್ಡ ಸಿನಿಮಾಗಳು ರಾಶಿ ಇವೆ. 'ಡ್ರಾಕುಲಾ' (1931) 75 ನಿಮಿಷ, 'ಫ್ರಾಂಕೆನ್‌ಸ್ಟೈನ್' (1931) 70, 'ದಿ ಇನ್‌ವಿಸಿಬಲ್ ಮ್ಯಾನ್' (1933) 71, 'ದಿ ಬ್ಲ್ಯಾಕ್ ಕ್ಯಾಟ್' (1934) 65, 'ಫ್ರೀಕ್ಸ್' (1932) 64, 'ದಿ ವುಲ್ಫ್ ಮ್ಯಾನ್' (1941) 70, 'ಕ್ಯಾಟ್ ಪೀಪಲ್' (1942) 73, 'ಐ ವಾಕ್ಡ್ ವಿತ್ ಎ ಝಾಂಬಿ' (1943) 69. ಆಮೇಲಿನ ಕಾಲದಲ್ಲಿ 'ಕಾರ್ನಿವಲ್ ಆಫ್ ಸೋಲ್ಸ್' (1962), ರಷ್ಯದ 'ವಿಯ್' (1967), ಸ್ಪೇನ್‌ನ 'ರೆಕ್' (2007), ಈ ಮೂರೂ 80 ನಿಮಿಷ ದಾಟಲ್ಲ. ಲಾಕ್‌ಡೌನ್ ಕಾಲದಲ್ಲಿ ವಿಡಿಯೊ ಕಾಲ್ ಮೇಲೇ ತೆಗೆದ 'ಹೋಸ್ಟ್' (2020) ಒಂದು ಗಂಟೆಗಿಂತಲೂ ಕಡಿಮೆ. ಗೊಂಬೆ ನೋಡೋಕೆ ನಾಲ್ಕು ಮನೆ ಸುತ್ತಿ 10:30ಕ್ಕೆ ವಾಪಸ್ ಬರೋ ರಾತ್ರಿಗಳಿಗೆ ಅಂತ 'ಹೋಸ್ಟ್', 'ಫ್ರೀಕ್ಸ್', 'ಬ್ಲ್ಯಾಕ್ ಕ್ಯಾಟ್' ಮೂರನ್ನ ಎತ್ತಿಡಿ.

ಉದ್ದದ್ದೆಲ್ಲ ಶನಿವಾರಕ್ಕೆ. ಜಪಾನಿನ 'ಕ್ವೈದಾನ್' (1964) ಮೂರು ಗಂಟೆ ಮೇಲಿದೆ. ನಾಲ್ಕು ಬೇರೆ ಬೇರೆ ಕತೆ ಇರೋದರಿಂದ ಎರಡು ರಾತ್ರಿಗೆ ಹಂಚಿದರೂ ನಷ್ಟ ಇಲ್ಲ. 'ದಿ ಶೈನಿಂಗ್' ಹಾಗಲ್ಲ, ಒಂದೇ ಕೂತಲ್ಲಿ ನೋಡಬೇಕು.

ಬೆಕ್ಕಿನಕಣ್ಣು:
ಲೆಟರ್‌ಬಾಕ್ಸ್‌ಡ್ ಅನ್ನೋ ಸಿನಿಮಾ ಪ್ರಿಯರ ವೆಬ್‌ಸೈಟ್‌ನಲ್ಲಿ ಹೂಪ್‌ಟೋಬರ್ ಅಂತ ಒಂದು ಸವಾಲು ನಡೆಯುತ್ತೆ, ಹಾರರ್ ನಿರ್ದೇಶಕ ಟೋಬಿ ಹೂಪರ್ ಹೆಸರಲ್ಲಿ. ಅದು ಸೆಪ್ಟೆಂಬರ್ 15ಕ್ಕೇ ಶುರು. 31 ಸಿನಿಮಾಕ್ಕೆ 47 ದಿನ ಸಿಗುತ್ತೆ. ಇಷ್ಟು ದೇಶದ್ದು ಇರಬೇಕು, ಇಷ್ಟು ದಶಕದ್ದು ಇರಬೇಕು, ಹೂಪರ್‌ದು ಒಂದಾದರೂ ಇರಲೇಬೇಕು ಅಂತ ಷರತ್ತುಗಳಿರುತ್ತೆ, ವರ್ಷವರ್ಷ ಬದಲಾಗುತ್ತೆ. ಕೆಲಸಕ್ಕೆ ಹೋಗೋರಿಗೆ ಇದೇ ವಾಸಿ. ಅಕ್ಟೋಬರ್ 1ರ ಹೊತ್ತಿಗೆ ಹತ್ತು ಮುಗಿಸಿಕೊಂಡಿದ್ದರೆ ಹಬ್ಬದ ವಾರ ಆರಾಮಾಗಿರಬಹುದು.

ರೀಲ್‌ಡಬ್ಬಿ:
ಒಪ್ಪಲ್ಲ ಮೇಡಂ. ದಿನಕ್ಕೊಂದು ಅನ್ನೋ ಕಟ್ಟು ಇರೋದಕ್ಕೇ ಜನ ಮುಗಿಸೋದು. 47 ದಿನ ಕೊಟ್ಟರೆ ಅಕ್ಟೋಬರ್ 25ಕ್ಕೆ ಇನ್ನೂ ಹದಿನೈದು ಉಳಿದಿರುತ್ತೆ. ಆದರೆ ದೇಶ, ದಶಕದ ಷರತ್ತು ಮಾತ್ರ ಕದಿಯೋಕೆ ಯೋಗ್ಯ. ಇಲ್ಲದಿದ್ದರೆ ಎಲ್ಲರ ಪಟ್ಟಿಯೂ 1980ರ ಅಮೆರಿಕದಲ್ಲೇ ಗಿರಕಿ ಹೊಡೆಯುತ್ತೆ.

ಬೆಳವಲ:
ಪಟ್ಟಿ ಹಾಕೂದು ಬ್ಯಾರೆ, ಅಂಜಿಕಿ ಉಳಿಸ್ಕೊಳ್ಳೂದು ಬ್ಯಾರೆರಿ. ದಿನಾ ನೋಡಿದ್ರ ಹತ್ತು ಹನ್ನೆರಡು ದಿನಕ್ಕ ಮೈ ಒಗ್ಗಿಬಿಡತೈತಿ. ಸಂಗೀತ ನಿಂತ ಕೂಡ್ಲೇ ಈಗ ಏನೋ ಜಿಗೀತೈತಿ ಅಂತ ಲೆಕ್ಕಾ ಹಾಕಾಕ ಶುರು ಮಾಡ್ತೀರಿ, ಅದು ಜಿಗದ ಮ್ಯಾಲ ಸುಮ್ನ ಕುಂತಿರ್ತೀರಿ. ಅದಕ್ಕ ಒಂದ ಜಾತಿ ಸಿನಿಮಾ ಸಾಲಾಗಿ ಹಾಕಬ್ಯಾಡ್ರಿ. ದೆವ್ವದ ಮನಿ ಆದ ಮರುದಿನ ಇನ್ನೊಂದು ದೆವ್ವದ ಮನಿ ಬ್ಯಾಡ. ಎರಡು ಭಾರಿ ಸಿನಿಮಾ ಆದ ಮ್ಯಾಲ ಒಂದು ನಗೂದು ಇರಲಿ. 'ಫ್ರಾಂಕೆನ್‌ಸ್ಟೈನ್' (1931), 'ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್' (1935), ಆಮ್ಯಾಲ ಮೆಲ್ ಬ್ರೂಕ್ಸ್‌ನ 'ಯಂಗ್ ಫ್ರಾಂಕೆನ್‌ಸ್ಟೈನ್' (1974). ಮೂರೂ ಸಾಲಾಗಿ ನೋಡ್ರಿ, ಇಲ್ಲಿ ಸಾಲು ನಡೀತೈತಿ. ಮೊದಲ್ನೇದಕ್ಕ ಕೆನೆತ್ ಸ್ಟ್ರಿಕ್‌ಫಾಡನ್ ಮಾಡಿದ ಕಿಡಿ ಹಾರೋ ಪ್ರಯೋಗಶಾಲಿ ಸಾಮಾನ ಅವನ ಕಡೇನೇ ಉಳಿದಿತ್ತು, ಬ್ರೂಕ್ಸ್ ಅದನ್ನ ತರಿಸಿ ಮತ್ತ ಬಳಸ್ಯಾನ.

ಬೆಚ್ಚಿಬೀಳಿಸೋ ಪಟ್ಟು ಹ್ಯಾಂಗ ಕೆಲಸಾ ಮಾಡತೈತಿ ನೋಡಬೇಕಂದ್ರ ಮೊದಲ್ನೇ ವಾರದಾಗ 'ಕ್ಯಾಟ್ ಪೀಪಲ್' ಇಡ್ರಿ. ರಾತ್ರಿ ಒಬ್ಬಾಕಿ ಪಾರ್ಕಿನ ಗ್ವಾಡಿ ಮಗ್ಗಲ ನಡಕೋಂತ ಹೊಂಟಿರ್ತಾಳ. ಸಂಗೀತ ಇಲ್ಲ. ಆಕಿ ಹೆಜ್ಜಿ ಸಪ್ಪಳ, ಹಿಂದ ಇನ್ನೊಬ್ಬಾಕಿ ಹೆಜ್ಜಿ ಸಪ್ಪಳ, ಎರಡ. ದೀಪದ ಕಂಬದ ಬೆಳಕು, ಕತ್ತಲಿ, ಮತ್ತ ಬೆಳಕು. ಒಮ್ಮಿಗೇ ಹಿಂದಿನ ಸಪ್ಪಳ ನಿಂತುಬಿಡತೈತಿ. ಆಕಿ ತಿರುಗಿ ನೋಡ್ತಾಳ, ಯಾರೂ ಇಲ್ಲ. ಓಡ್ತಾಳ. ಆಗ ಹುಲಿ ಗುರುಗುಟ್ಟಿದಂಗ ಸಪ್ಪಳ ಮಾಡಿ ಪರದೆ ಬಲಗಡಿಂದ ನುಗ್ಗೂದು ಒಂದು ಬಸ್ಸು, ಅದರ ಬ್ರೇಕಿನ ಗಾಳಿ. ಸಂಕಲನಕಾರ ಮಾರ್ಕ್ ರಾಬ್ಸನ್ ಕೈಚಳಕ. ನಿರ್ಮಾಪಕ ವ್ಯಾಲ್ ಲ್ಯೂಟನ್ ಹೆಸರಿನ ಮ್ಯಾಲ ಇಂಥಾ ಹುಸಿ ಹೆದರಿಕೆಗೆ ಇವತ್ತಿಗೂ ಲ್ಯೂಟನ್ ಬಸ್ ಅಂತಾರ. ಇದನ್ನ ಮೊದಲ ನೋಡಿದ್ರ ಮುಂದಿನ ಸಿನಿಮಾದಾಗ ಯಾರು ಕಷ್ಟಪಟ್ಟಾರ, ಯಾರು ಬರೇ ವಾಲ್ಯೂಮ್ ಏರಿಸ್ಯಾರ ಅಂತ ತಾನ ತಿಳೀತೈತಿ.

ಕತ್ತಲಕೋಣೆ:
ಈಗ ಪ್ರಿಂಟ್ ವಿಚಾರ. ಹಳೇ ಹಾರರ್‌ನಲ್ಲಿ ಒಂದೇ ಹೆಸರಿನ ಸಿನಿಮಾ ನಾಲ್ಕು ಅವತಾರದಲ್ಲಿ ಸಿಗುತ್ತದೆ. ತಪ್ಪಾದದ್ದನ್ನು ಹಾಕಿಕೊಂಡು ಬೋರು ಅಂದವರೇ ಹೆಚ್ಚು.

ಜರ್ಮನ್ ನಿರ್ದೇಶಕ ಮುರ್ನೌ ಅವರ ಮೂಕಿ ಚಿತ್ರ 'ನೊಸ್ಫೆರಾಟು' (1922) ತೆಗೆದುಕೊಳ್ಳಿ. ರಾತ್ರಿಯ ದೃಶ್ಯಗಳನ್ನೂ ಹಗಲಲ್ಲೇ ಚಿತ್ರೀಕರಿಸಿ, ಪ್ರಿಂಟಿಗೆ ನೀಲಿ ಬಣ್ಣ ಹಾಕಿ ರಾತ್ರಿ ಎಂದು ಸೂಚಿಸಲಾಗಿತ್ತು. ಬಣ್ಣ ಕಳೆದುಕೊಂಡ ಕಪ್ಪು-ಬಿಳುಪು ನಕಲಿನಲ್ಲಿ ರಕ್ತಪಿಶಾಚಿ ಮಟಮಟ ಮಧ್ಯಾಹ್ನ ತನ್ನ ಶವಪೆಟ್ಟಿಗೆ ಹೊತ್ತು ಊರೊಳಗೆ ಓಡಾಡುತ್ತಾನೆ, ಕೊನೆಯಲ್ಲಿ ನೋಡಿದರೆ ಬಿಸಿಲಿಗೇ ಸಾಯುತ್ತಾನೆ. ಕತೆಯೇ ಹಾಸ್ಯಾಸ್ಪದವಾಗಿಬಿಡುತ್ತದೆ. 'ಡ್ರಾಕುಲಾ' ಕಾದಂಬರಿ ಬರೆದ ಬ್ರಾಮ್ ಸ್ಟೋಕರ್ ಅವರ ಪತ್ನಿ ಕೃತಿಚೌರ್ಯದ ಮೊಕದ್ದಮೆ ಹೂಡಿ ಗೆದ್ದಿದ್ದರಿಂದ ಪ್ರಿಂಟುಗಳನ್ನು ನಾಶ ಮಾಡಲು ಕೋರ್ಟು ಆದೇಶಿಸಿತ್ತು, ಉಳಿದದ್ದು ಅಲ್ಲಲ್ಲಿ ತಪ್ಪಿಸಿಕೊಂಡ ಪ್ರತಿಗಳು. ಬಣ್ಣ ಮರಳಿಸಿ, ಹಾನ್ಸ್ ಎರ್ಡ್‌ಮನ್ ಅವರ ಮೂಲ ಸಂಗೀತ ಕೂಡಿಸಿದ ಮುರ್ನೌ ಪ್ರತಿಷ್ಠಾನದ ಆವೃತ್ತಿ ಸುಮಾರು 94 ನಿಮಿಷ. ನಿಮಗೆ ಸಿಕ್ಕಿದ್ದು 65 ನಿಮಿಷದ್ದಾದರೆ ಅಥವಾ ನೀಲಿ, ಹಳದಿ ಇಲ್ಲದಿದ್ದರೆ ಮುಚ್ಚಿಡಿ.

'ನೈಟ್ ಆಫ್ ದ ಲಿವಿಂಗ್ ಡೆಡ್' (1968) ಕತೆ ಬೇರೆ. ಹೆಸರು ಬದಲಿಸುವಾಗ ವಿತರಕರು ಹೊಸ ಶೀರ್ಷಿಕೆಯ ಮೇಲೆ ಕಾಪಿರೈಟ್ ಸಾಲು ಹಾಕುವುದನ್ನು ಬಿಟ್ಟರು, ಆಗಿನ ಅಮೆರಿಕದ ಕಾನೂನಿನಂತೆ ಹಕ್ಕೇ ಹೋಯಿತು. ಅದಕ್ಕೇ ಎಲ್ಲೆಂದರಲ್ಲಿ ಪುಕ್ಕಟೆ ಸಿಗುತ್ತದೆ, ಬಹುಪಾಲು ಮಸುಕು ಮಸುಕು. ಮೂಲ ನೆಗೆಟಿವ್‌ನಿಂದ ಮಾಡಿದ 4ಕೆ ಪುನರುದ್ಧಾರವನ್ನು ಡಿಸ್ಕ್ ಕಂಪನಿ ಕ್ರೈಟೀರಿಯನ್ 2018ರಲ್ಲಿ ತಂದಿದೆ, ಅದನ್ನೇ ನೋಡಿ. ಬಣ್ಣ ಬಳಿದ ಆವೃತ್ತಿಗಳ ಕಡೆ ತಲೆ ಹಾಕಬೇಡಿ.

'ದಿ ಶೈನಿಂಗ್' (1980) ಅಮೆರಿಕದಲ್ಲಿ 144 ನಿಮಿಷ, ಯುರೋಪಿಗೆ ನಿರ್ದೇಶಕ ಕುಬ್ರಿಕ್ ತಾವೇ ಕತ್ತರಿಸಿದ್ದು 119 ನಿಮಿಷ. ಮೊದಲ ಸಲಕ್ಕೆ 144. 'ದಿ ಎಕ್ಸಾರ್ಸಿಸ್ಟ್' (1973) 122 ನಿಮಿಷದ ಮೂಲವೇ ಸಾಕು. 2000ದಲ್ಲಿ ಸೇರಿಸಿದ ಸುಮಾರು ಹತ್ತು ನಿಮಿಷದಲ್ಲಿ ಮೆಟ್ಟಿಲಿಳಿಯುವ ಜೇಡನಡಿಗೆ ಚೆನ್ನಾಗಿದೆ, ಆದರೆ ಅಲ್ಲಲ್ಲಿ ತುರುಕಿದ ದೆವ್ವದ ಮುಖಗಳು ಅನಗತ್ಯ. 'ಡ್ರಾಕುಲಾ' (1931) ಡಿಸ್ಕ್ ಇದ್ದರೆ ಅದರಲ್ಲೇ ಸ್ಪ್ಯಾನಿಷ್ ಆವೃತ್ತಿಯೂ ಇರುವ ಸಾಧ್ಯತೆ ಹೆಚ್ಚು. ಇಂಗ್ಲಿಷ್ ಆವೃತ್ತಿಯ ಬೆಲಾ ಲುಗೋಸಿ ತಂಡ ಹಗಲು ಕೆಲಸ ಮುಗಿಸಿ ಹೋದ ಮೇಲೆ ಅದೇ ಸೆಟ್ಟುಗಳಲ್ಲಿ ರಾತ್ರಿ ಬೇರೆ ತಂಡ ತೆಗೆದದ್ದು. ಇಂಗ್ಲಿಷ್‌ನದಕ್ಕಿಂತ ಅರ್ಧ ಗಂಟೆ ಹೆಚ್ಚು ಉದ್ದ, ಆದರೆ ಕ್ಯಾಮೆರಾ ಅದಕ್ಕಿಂತ ಚುರುಕು. ಒಂದು ಭಾನುವಾರ ಎರಡನ್ನೂ ಬೆನ್ನುಬೆನ್ನಿಗೆ ಹಾಕಿ.

ಹುಣಸೆಮರ:
ಇದು ಗೊತ್ತಿರಲಿಲ್ಲ, ಥ್ಯಾಂಕ್ಸ್ ಸಾರ್. ಟಿವಿಯಲ್ಲಿ ಕತ್ತಲೆ ದೃಶ್ಯ ಪೂರ್ತಿ ಮಸಿ ಥರ ಕಾಣುತ್ತೆ. ಬ್ರೈಟ್‌ನೆಸ್ ಜಾಸ್ತಿ ಮಾಡಿದರೆ ಬೂದಿ ಥರ ಆಗುತ್ತೆ. ಏನು ಮಾಡೋದು?

ನಡುರಾತ್ರಿ_ಪ್ರೊಜೆಕ್ಟರ್:
ಈ ಕ್ರಮದಲ್ಲೇ ಮಾಡಿ. ಪಿಕ್ಚರ್ ಮೋಡ್ ಫಿಲ್ಮ್‌ಮೇಕರ್ ಅಥವಾ ಸಿನಿಮಾ. ಎನರ್ಜಿ ಸೇವಿಂಗ್ ಮತ್ತು ಕೋಣೆ ಬೆಳಕು ನೋಡಿ ತಾನೇ ಹೊಂದಿಸಿಕೊಳ್ಳೋ ಸೆನ್ಸರ್ ಎರಡೂ ಆಫ್. ಮೋಷನ್ ಸ್ಮೂದಿಂಗ್ ಆಫ್. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ ಅಂತ ಇರುತ್ತೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಟಿವಿ ತನ್ನದೇ ಫ್ರೇಮ್ ಹುಟ್ಟಿಸಿ ನಡುವೆ ತುಂಬಿಸಿದರೆ ದೆವ್ವವೂ ಸೀರಿಯಲ್ ಅತ್ತೆ ಥರ ಕಾಣುತ್ತೆ. ಸ್ಟ್ರೀಮಿಂಗ್ ಸ್ಟಿಕ್ ಇದ್ದರೆ ಅದರಲ್ಲಿ ಮೂಲ ಫ್ರೇಮ್ ರೇಟ್ ಹೊಂದಿಸೋ ಆಯ್ಕೆ ಆನ್ ಮಾಡಿ.

ಮಸಿ ಥರ ಕಾಣೋದಕ್ಕೆ ಮೊದಲ ಅನುಮಾನ ಬ್ಲ್ಯಾಕ್ ಲೆವೆಲ್ ಹೊಂದಾಣಿಕೆ ಮೇಲೆ, ಅಂದರೆ ಕಪ್ಪು ಎಲ್ಲಿಂದ ಶುರು ಅನ್ನೋದರಲ್ಲಿ ಪ್ಲೇಯರ್, ಟಿವಿ ಎರಡೂ ಒಪ್ಪಬೇಕು. ಪ್ಲೇಯರ್ ಫುಲ್ ಕಳಿಸ್ತಿದ್ದು ಟಿವಿ ಲಿಮಿಟೆಡ್ ಅಂದ್ಕೊಂಡಿದ್ದರೆ ಕತ್ತಲೆಯ ವಿವರ ಎಲ್ಲ ಮುಳುಗುತ್ತೆ. ಉಲ್ಟಾ ಆದರೆ ಬೂದಿ. ಎರಡನ್ನೂ ಲಿಮಿಟೆಡ್‌ಗೆ ಇಡಿ, ಅಥವಾ ಎರಡೂ ಕಡೆ ಆಟೋ. ಇದು ಸರಿಯಾಗದೆ ಬ್ರೈಟ್‌ನೆಸ್ ಮುಟ್ಟಬೇಡಿ. ಕಲರ್ ಟೆಂಪರೇಚರ್ ವಾರ್ಮ್ ಕಡೆಗೆ, ಇಲ್ಲದಿದ್ದರೆ ಕಪ್ಪು-ಬಿಳುಪು ಸಿನಿಮಾ ಟ್ಯೂಬ್‌ಲೈಟ್ ಬೆಳಕಿನಂತೆ ನೀಲಿಗಟ್ಟುತ್ತೆ.

ಪರೀಕ್ಷೆಗೆ 'ಹ್ಯಾಲೋವೀನ್' (1978) ಸಿನಿಮಾದ ಕೊನೆಯ ಕಾಲು ಗಂಟೆಯ ಆಸುಪಾಸು ಹೋಗಿ. ನಾಯಕಿ ಲಾರಿ ಮಹಡಿ ಮೇಲೆ ಒಂದು ಬಾಗಿಲ ಪಕ್ಕ ಅಳುತ್ತಾ ನಿಂತಿರ್ತಾಳೆ, ಅವಳ ಹಿಂದೆ ಕತ್ತಲೆ ಕೋಣೆ. ಆ ಕತ್ತಲೆಯಿಂದ ಕೊಲೆಗಾರನ ಬಿಳಿ ಮುಖವಾಡ ನಿಧಾನಕ್ಕೆ ಮೂಡಿಕೊಳ್ಳುತ್ತೆ. ಕ್ಯಾಮೆರಾಮನ್ ಡೀನ್ ಕಂಡಿ ಪುಟ್ಟ ದೀಪವೊಂದನ್ನ ಡಿಮ್ಮರ್‌ನಲ್ಲಿ ಸ್ವಲ್ಪಸ್ವಲ್ಪವೇ ಏರಿಸಿದ್ದು. ಮುಖವಾಡ ಮೊದಲಿಂದಲೇ ಕಾಣ್ತಿದ್ದರೆ ನಿಮ್ಮ ಬ್ಲ್ಯಾಕ್ ಲೆವೆಲ್ ಜಾಸ್ತಿ ಎತ್ತರ. ಇದ್ದಕ್ಕಿದ್ದಂತೆ ಟಪ್ ಅಂತ ಕಂಡರೆ ನೆರಳೆಲ್ಲ ನುಂಗಿ ಹೋಗಿದೆ. ಇದೆಯೋ ಇಲ್ಲವೋ ಅಂತ ಒಂದು ಕ್ಷಣ ಅನುಮಾನ ಆಗಿ ಆಮೇಲೆ ಖಚಿತ ಆಗಬೇಕು, ಅದೇ ಸರಿಯಾದ ಸೆಟ್ಟಿಂಗ್. ಡಿಸ್ಕ್ ಕೊಳ್ಳೋದಾದರೆ ಕಂಡಿ ಉಸ್ತುವಾರಿಯಲ್ಲಿ ಬಣ್ಣ ಸರಿಪಡಿಸಿದ 2013ರದ್ದು ನಂಬಿಕಸ್ತ.

ಕೋಣೆಯ ದೀಪ ಆರಿಸಿ, ಟಿವಿ ಹಿಂದೆ ಮಾತ್ರ 6500ಕೆ ಬಿಳಿಯ ಸಣ್ಣ ಎಲ್ಇಡಿ ಪಟ್ಟಿ ಮಂದವಾಗಿರಲಿ. ಕಣ್ಣು ಸೋಲಲ್ಲ. ಬಣ್ಣಬಣ್ಣದ ಪಟ್ಟಿ ಬೇಡ.

ಬೆಕ್ಕಿನಕಣ್ಣು:
ಸ್ಟ್ರೀಮಿಂಗ್‌ನಲ್ಲಿ ಮಂಜು, ಹೊಗೆ, ಕತ್ತಲೆ ಗೋಡೆ ಮೇಲೆ ಪಟ್ಟೆಪಟ್ಟೆ ಬರುತ್ತಲ್ಲ, ಅದು ಟಿವಿ ತಪ್ಪಲ್ಲ. ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಬರೋ ಡೇಟಾ, ಸಾಲದು. ಸೆಟ್ಟಿಂಗ್ ತಿರುಚಿ ಪ್ರಯೋಜನ ಇಲ್ಲ. ಮಂಜು ಜಾಸ್ತಿ ಇರೋ ಸಿನಿಮಾಗಳನ್ನ ಡಿಸ್ಕ್‌ನಲ್ಲಿ ನೋಡಿ, ಲೈಬ್ರರಿಯಿಂದ ತನ್ನಿ. ಒಂದು ತಿಂಗಳು ಮುಂಚೆಯೇ ಹೋಲ್ಡ್ ಹಾಕಿ ಕಾಯ್ದಿರಿಸಬೇಕು, ಅಕ್ಟೋಬರ್ 10ಕ್ಕೆ ಹೋದರೆ ಹಾರರ್ ಕಪಾಟು ಖಾಲಿ. ಅದೇ ಲೈಬ್ರರಿ ಕಾರ್ಡಿನಲ್ಲಿ ಕ್ಯಾನೊಪಿ ಅನ್ನೋ ಸ್ಟ್ರೀಮಿಂಗ್ ಸೇವೆ ಸಿಗೋ ಊರಾದರೆ ಹಳೇ, ಹೊರದೇಶದ ಸಿನಿಮಾಗಳು ಅಲ್ಲಿ ಪುಕ್ಕಟೆ, ಆದರೆ ತಿಂಗಳಿಗೆ ಇಷ್ಟೇ ಟಿಕೆಟ್ ಅಂತ ಮಿತಿ ಇದೆ. ಜಾಹೀರಾತು ಬರೋ ಉಚಿತ ಆ್ಯಪ್‌ಗಳನ್ನ ತಮಾಷೆ ಸಿನಿಮಾಕ್ಕೆ ಮೀಸಲಿಡಿ. 'ದಿ ಇನ್ನೊಸೆಂಟ್ಸ್' (1961) ನಡುವೆ ಡಿಟರ್ಜೆಂಟ್ ಬಂದರೆ ಮುಗೀತು. ಇನ್ನೊಂದು, ಸ್ಟ್ರೀಮಿಂಗ್ ಹಕ್ಕುಗಳು ತಿಂಗಳ ಕೊನೆಗೆ ಮುಗಿಯೋದು ಜಾಸ್ತಿ. ನಿಮ್ಮ ಪಟ್ಟಿಯದು ಯಾವುದಾದರೂ ಸೆಪ್ಟೆಂಬರ್ 30ಕ್ಕೆ ಹೋಗುತ್ತಾ ಅಂತ ಮೊದಲೇ ನೋಡಿಕೊಳ್ಳಿ.

ಮೈಸೂರ್‌ಪಾಕು (ಮೈಸೂರು):
ಅಮೆರಿಕದಿಂದ ಇಲ್ಲಿಗೆ ಡಿಸ್ಕ್ ತರಿಸಿಕೊಳ್ಳಬೇಕು ಅನ್ನೋರಿಗೆ ಏನು ಹೇಳ್ತೀರಿ?

ಕತ್ತಲಕೋಣೆ:
ಬ್ಲೂ-ರೇ ಡಿಸ್ಕುಗಳಿಗೆ ಪ್ರದೇಶವಾರು ಬೀಗ (ರೀಜನ್) ಇರಬಹುದು: ಅಮೆರಿಕ ಎ, ಯುರೋಪ್ ಬಿ, ಭಾರತ ಸಿ. ಅಮೆರಿಕದ ಕ್ರೈಟೀರಿಯನ್ ಡಿಸ್ಕುಗಳು ಸಾಮಾನ್ಯವಾಗಿ 'ಎ' ರೀಜನ್‌ಗೆ ಬೀಗ ಹಾಕಿದವು, ಭಾರತದಲ್ಲಿ ಕೊಂಡ ಪ್ಲೇಯರ್‌ನಲ್ಲಿ ಓಡುವುದಿಲ್ಲ. 4ಕೆ ಯುಎಚ್‌ಡಿ ಡಿಸ್ಕಿಗೆ ರೀಜನ್ ಬೀಗವಿಲ್ಲ. ಆದರೆ ಅದೇ ಪೆಟ್ಟಿಗೆಯೊಳಗಿನ ಬ್ಲೂ-ರೇಗೆ ಇರಬಹುದು, ಹೆಚ್ಚುವರಿ ವಿಡಿಯೊಗಳೆಲ್ಲ ಅದರಲ್ಲೇ ಇರುತ್ತವೆ. ಹಳೇ ಡಿವಿಡಿಗಳಲ್ಲಿ ಅಮೆರಿಕ 1, ಭಾರತ 5. ಯುರೋಪಿನ ಪಾಲ್ (ಅಲ್ಲಿನ ಟಿವಿ ಮಾನದಂಡ) ಡಿವಿಡಿ 24 ಫ್ರೇಮನ್ನು 25ಕ್ಕೆ ಓಡಿಸುವುದರಿಂದ ಸಿನಿಮಾ ಶೇ 4ರಷ್ಟು ಬೇಗ ಮುಗಿಯುತ್ತದೆ. ಅವಧಿ ಕಡಿಮೆ ಕಂಡ ಮಾತ್ರಕ್ಕೆ ಕತ್ತರಿ ಬಿದ್ದಿದೆ ಎಂದುಕೊಳ್ಳಬೇಡಿ.

ನಡುರಾತ್ರಿ_ಪ್ರೊಜೆಕ್ಟರ್:
ಮಕ್ಕಳು ಮಲಗಿರ್ತಾರೆ ಅಂದ್ರಲ್ಲ, ಸೌಂಡ್ ಬಗ್ಗೆ. ಹಾರರ್‌ನಲ್ಲಿ ಪಿಸುಮಾತು ಕೇಳಲಿ ಅಂತ ಏರಿಸ್ತೀರಿ, ಮರುಕ್ಷಣ ಕಿರುಚಾಟಕ್ಕೆ ಮನೆಯೆಲ್ಲ ಏಳುತ್ತೆ. ಸೌಂಡ್‌ಬಾರ್‌ನ ನೈಟ್ ಮೋಡ್ ಈ ಅಂತರ ಕುಗ್ಗಿಸುತ್ತೆ, ಜೊತೆಗೆ ಬೆಚ್ಚೋದೂ ಕುಗ್ಗುತ್ತೆ. ಅದಕ್ಕಿಂತ ಸಂಭಾಷಣೆಯ ಸೆಂಟರ್ ಚಾನೆಲ್ 3 ಡಿಬಿ ಏರಿಸಿ, ಸಬ್‌ವೂಫರ್ ಇಳಿಸಿ. ಗೋಡೆ ದಾಟಿ ಹೋಗೋದು ಬೇಸ್ ಸದ್ದೇ. ಹಳೇ ಸಿನಿಮಾಗೆ ಮೂಲ ಮೋನೊ ಟ್ರ್ಯಾಕ್ ಇದ್ದರೆ ಅದನ್ನೇ ಹಾಕಿ, ಆಮೇಲೆ ಮಾಡಿದ 5.1 ಸರೌಂಡ್ ಟ್ರ್ಯಾಕ್‌ನಲ್ಲಿ ಕೆಲವೊಮ್ಮೆ ಹೊಸ ಚಾಕು ಸದ್ದು ಸೇರಿಸಿರ್ತಾರೆ.

ಹೆಡ್‌ಫೋನ್ ಹಾಕೋರು ಬ್ಲೂಟೂತ್ ತಡ ನೋಡಿಕೊಳ್ಳಿ. 200 ಮಿಲಿಸೆಕೆಂಡ್ ತಡ ಅಂದರೆ ಸುಮಾರು 5 ಫ್ರೇಮ್. ಕೈ ಬಂದು ಹೆಗಲ ಮೇಲೆ ಬಿದ್ದ ಮೇಲೆ ಸದ್ದು ಬಂದರೆ ಹೆದರಿಕೆ ಎಲ್ಲಿಂದ ಬರಬೇಕು? ತಂತಿಯದ್ದೇ ವಾಸಿ. ಸಬ್‌ಟೈಟಲ್‌ನಲ್ಲೂ ಒಂದು ತೊಂದರೆ ಇದೆ. ಕಿವಿ ಕೇಳದವರಿಗೆ ಮಾಡಿದ ಟ್ರ್ಯಾಕ್‌ನಲ್ಲಿ 'ಹಿಂದೆ ಬಾಗಿಲು ಕಿರುಗುಟ್ಟುತ್ತದೆ' ಅನ್ನೋದು ಎಷ್ಟೋ ಸಲ ಬಾಗಿಲಿಗಿಂತ ಮೊದಲೇ ಬಂದಿರುತ್ತೆ. ಬರೀ ಸಂಭಾಷಣೆಯ ಟ್ರ್ಯಾಕ್ ಇದ್ದರೆ ಅದನ್ನ ಆರಿಸಿ, ಅಕ್ಷರದ ಬಣ್ಣ ಬಿಳಿಯಿಂದ ಬೂದು ಮಾಡಿ.

ಮೈಸೂರ್‌ಪಾಕು:
ಕನ್ನಡದ್ದು ಒಂದೂ ಬೇಡ್ವಾ ಪಟ್ಟಿಗೆ?

ಬೆಕ್ಕಿನಕಣ್ಣು:
ದೇಶದ ಷರತ್ತಿಗೆ ಧಾರಾಳವಾಗಿ. ಅನಂತನಾಗ್, ಲಕ್ಷ್ಮಿ ಅವರ 'ನಾ ನಿನ್ನ ಬಿಡಲಾರೆ' (1979), ಉಪೇಂದ್ರ ನಿರ್ದೇಶನದ 'ಶ್!' (1993), ಪವನ್ ಕುಮಾರ್ ಅವರ 'ಯು ಟರ್ನ್' (2016). 'ಆಪ್ತಮಿತ್ರ' ನೋಡಿದವರು ಅದರ ಮೂಲ, ಮಲಯಾಳಂನ 'ಮಣಿಚಿತ್ರತಾಳ್' (1993) ಹಾಕಿ. ಉದ್ದ ಜಾಸ್ತಿ ಇರೋದರಿಂದ ಇವೆಲ್ಲ ಶನಿವಾರ, ಭಾನುವಾರದ ಅಳತೆ. ಮಮ್ಮುಟ್ಟಿಯ 'ಭ್ರಮಯುಗಂ' (2024) ಕಪ್ಪು-ಬಿಳುಪು, ಮೇಲೆ ಹೇಳಿದ ಟಿವಿ ಸೆಟ್ಟಿಂಗ್ ಆದ ಮೇಲೆ ನೋಡಿ.

ಬೆಳವಲ:
'ಶ್!' ಇಟ್ಟಿದ್ದು ಬರೋಬ್ಬರಿ ಆತ್ರಿ. ಅದು ಮೂರನೇ ವಾರಕ್ಕ, ಮೈ ಒಗ್ಗಿದಾಗ.

ಹುಣಸೆಮರ:
31ನೇ ತಾರೀಕು ಶನಿವಾರ. ಆ ದಿನ ಸಂಜೆಯಿಂದಲೇ ಕೂರಬಹುದಾ?

ನಡುರಾತ್ರಿ_ಪ್ರೊಜೆಕ್ಟರ್:
ನ್ಯೂಜೆರ್ಸಿಯಲ್ಲಿ ಅವತ್ತು ಸೂರ್ಯ ಮುಳುಗೋದು 6ಕ್ಕೆ ಸ್ವಲ್ಪ ಮುಂಚೆ. ಆಗಿಂದ 8:30ರವರೆಗೆ ಕ್ಯಾಂಡಿಗೆ ಮಕ್ಕಳು ಬರ್ತಾನೇ ಇರ್ತಾರೆ, ಐದೈದು ನಿಮಿಷಕ್ಕೂ ಬೆಲ್. ಆ ಹೊತ್ತಿಗೆ ಬಿಡಿ ಕತೆಗಳ ಸಿನಿಮಾ ಹಾಕಿ. 'ನೈಟ್ ಆಫ್ ದ ಲಿವಿಂಗ್ ಡೆಡ್' ತೆಗೆದ ರೊಮೆರೊ ನಿರ್ದೇಶನದ 'ಕ್ರೀಪ್‌ಶೋ' (1982) ಐದು ಕತೆ, ಎದ್ದು ಹೋಗಿ ಬಂದರೂ ನಡೆಯುತ್ತೆ. 'ಟ್ರಿಕ್ ಆರ್ ಟ್ರೀಟ್' (2007) ಈ ರಾತ್ರಿಯದ್ದೇ ಕತೆ, ಆದರೆ ಅದರ ಕತೆಗಳು ಒಂದರೊಳಗೊಂದು ಹೆಣೆದುಕೊಂಡಿವೆ, ನಾಲ್ಕು ಸಲ ನಿಲ್ಲಿಸಿದರೆ ಎಳೆ ತಪ್ಪುತ್ತೆ. ಅದನ್ನ ಆಮೇಲಕ್ಕೆ ಇಡಿ. ಮುಂಬಾಗಿಲು ತೆಗೆದಾಗ ಟಿವಿ ಕಾಣುತ್ತಾ ಅಂತ ಹಿಂದಿನ ದಿನ ಹೊರಗೆ ನಿಂತು ನೋಡಿ. ಕಂಡರೆ ಪರದೆ ಕಟ್ಟಿ, ಬರೋದು ಮೂರು ವರ್ಷದ ಪಕ್ಕದ ಮನೆ ಮಕ್ಕಳೂ ಹೌದು. ಕ್ಯಾಂಡಿ ಖಾಲಿಯಾದಾಗ ಹೊರಗಿನ ದೀಪ ಆರಿಸಿ, ಆಮೇಲೆ ಯಾರೂ ಬೆಲ್ ಒತ್ತಲ್ಲ.

9 ಗಂಟೆಗೆ 'ಹ್ಯಾಲೋವೀನ್', 91 ನಿಮಿಷ. ಇದನ್ನ ಕ್ಯಾಲಿಫೋರ್ನಿಯಾದಲ್ಲಿ ವಸಂತಕಾಲದಲ್ಲಿ ತೆಗೆದದ್ದು, ಉದುರಿದ ಎಲೆಗಳೆಲ್ಲ ಬಣ್ಣ ಬಳಿದು ಚೆಲ್ಲಿ, ಮತ್ತೆ ಗುಡಿಸಿಕೊಂಡು ಮುಂದಿನ ಶಾಟ್‌ಗೆ ಬಳಸಿದವು. ಹಿಂದೆ ಹಸಿರು ಮರ ಕಾಣುತ್ತೆ, ಕಣ್ಣಿಟ್ಟು ನೋಡಿ. ಅದಾದ ಮೇಲೆ ಇನ್ನೊಂದು. 2026ರಲ್ಲಿ ಒಂದು ಲಾಭ ಏನಂದರೆ, ಅಮೆರಿಕದಲ್ಲಿ ಗಡಿಯಾರ ಹಿಂದಕ್ಕೆ ಹೋಗೋದು ಅದೇ ರಾತ್ರಿ. ನವೆಂಬರ್ 1ರ ಬೆಳಗಿನ ಜಾವ 2 ಗಂಟೆ ಆದ ತಕ್ಷಣ ಮತ್ತೆ 1 ಗಂಟೆ. 12:50ಕ್ಕೆ 90 ನಿಮಿಷದ ಸಿನಿಮಾ ಹಾಕಿದರೆ ಮುಗಿದಾಗ ಗಡಿಯಾರ 1:20 ತೋರಿಸುತ್ತೆ.

ಲಂಡನ್_ಮಳೆ:
ಇಲ್ಲಿ ಗಡಿಯಾರ 25ಕ್ಕೇ ಹಿಂದಕ್ಕೆ ಹೋಗಿರುತ್ತೆ, 31ಕ್ಕೆ 4:35ರ ಸುಮಾರಿಗೆಲ್ಲ ಸೂರ್ಯ ಮುಳುಗುತ್ತೆ. ಒಂದು ಸಿನಿಮಾ ಹೆಚ್ಚಿಗೇ ಹಿಡಿಸುತ್ತೆ. ಈ ದೇಶದವರಿಗೆ ಆ ರಾತ್ರಿಗೆ ಬಿಬಿಸಿಯ 'ಗೋಸ್ಟ್‌ವಾಚ್' ಇದೆ. 1992ರ ಅಕ್ಟೋಬರ್ 31ರಂದು ನೇರಪ್ರಸಾರದ ಧಾಟಿಯಲ್ಲಿ ತೋರಿಸಿದ ನಾಟಕ. ಎಷ್ಟೋ ಜನ ನಿಜ ಅಂದುಕೊಂಡು ಫೋನ್ ಮಾಡಿದ್ದರು.

ಹುಣಸೆಮರ:
ಎಲ್ಲ ಬರೆದುಕೊಂಡೆ. ಕೊನೇದೊಂದು, ಕುರುಕಲು? ಚಕ್ಕುಲಿ ಡಬ್ಬಿ ರೆಡಿ ಇದೆ.

ರೀಲ್‌ಡಬ್ಬಿ:
ಚಕ್ಕುಲಿ, ನಿಪ್ಪಟ್ಟು 'ಯಂಗ್ ಫ್ರಾಂಕೆನ್‌ಸ್ಟೈನ್' ದಿನಕ್ಕೆ. 'ಕ್ಯಾಟ್ ಪೀಪಲ್' ದಿನ ಮೈಸೂರ್‌ಪಾಕು, ಅದೂ ಮೆತ್ತಗಿರೋದು. ಆ ಹೆಸರಿನವರು ಬೇಜಾರು ಮಾಡ್ಕೋಬಾರದು.